ಹೈನ್ರಿಕ್ ಹರ್ಟ್ಸ್‌ನ ರಜೆಯ ಲೆಕ್ಕ

ಕೃಷ್ಣರಾಜನಗರದ ಕಡೆಯಲ್ಲಿ ಸಂಕ್ರಾಂತಿಯ ಹಿಂದುಮುಂದು ಭತ್ತದ ಮಿಲ್ಲುಗಳಿಗೆ ಬಿಡುವೆಂಬುದಿಲ್ಲ. ಅಲ್ಲಿಯ ಒಂದು ಸಣ್ಣ ಮಿಲ್ಲು ನನ್ನ ಭಾವನವರದು. ಕಳೆದ ಸುಗ್ಗಿಯ ಒಂದು ಭಾನುವಾರ, ಅಕ್ಕನನ್ನು ನೋಡಿಕೊಂಡು ಬರೋಣವೆಂದು ನಾನು ಹುಣಸೂರಿನಿಂದ ಹೋದಾಗ ಮಿಲ್ಲು ನಿಂತಿದ್ದಿತು. ಅಂಗಳದ ತುಂಬ ಚೀಲಗಳು. ಚೀಲಗಳ ಮೇಲೆ ಬೆಳಗಿನಿಂದ ಕಾಯುತ್ತ ಕುಳಿತ ರೈತರು. ಒಬ್ಬ ಮುದುಕನಂತೂ ಮೊಮ್ಮಗಳ ಮದುವೆಗೆ ಅಕ್ಕಿ ಮಾಡಿಸಲು ಬಂದವನು, ಎರಡು ದಿನದಿಂದ ಅಲೆಯುತ್ತಿದ್ದನಂತೆ. ಒಂದೇ ಸುಗ್ಗಿಯಲ್ಲಿ ಮೂರನೆಯ ಸಲ, ಅದೇ ಶಾಫ್ಟಿನ ಅದೇ ತುದಿಯ ಬೇರಿಂಗು ಕೆಟ್ಟಿದ್ದಿತು. ಅಂಗಡಿಯವನು ಕಳಪೆ ಮಾಲು ಕೊಟ್ಟನೆಂದು ಭಾವನವರ ಸಿಟ್ಟು.

ಪಿರಿಯಾಪಟ್ಟಣದ ಕಡೆಯಿಂದ ಬಂದಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಆ ಬೇರಿಂಗನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಅದರ ಒಳಗಿನ ಬಳೆಯನ್ನು ನನ್ನ ಅಂಗೈಯಲ್ಲಿಟ್ಟರು. ಗುಂಡುಗಳು ಓಡಾಡಿದ ಹಾದಿ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಒಂದು ಕಡೆ, ಕಿರುಬೆರಳ ಉಗುರಿನಷ್ಟು ಅಗಲಕ್ಕೆ, ಸಿಡುಬು ಬಂದು ಹೋದ ಮುಖದ ಹಾಗೆ ಲೋಹವು ಚಕ್ಕೆಯೆದ್ದು ಗುಳಿ ಬಿದ್ದಿದ್ದಿತು. ಮಾಲು ಕಳಪೆಯಲ್ಲವೆಂದು ಮೇಸ್ತ್ರಿಗಳು ಮೆಲ್ಲನೆ ಹೇಳಿದರು. ಇದು ಉಜ್ಜಿ ಸವೆದದ್ದಲ್ಲ, ಒಳಗೇ ದಣಿದು ಸಿಪ್ಪೆ ಬಿಟ್ಟದ್ದು ಎಂದರು. ಹಗಲಿರುಳು ಉರುಳುವುದಕ್ಕೆಂದೇ ಮಾಡಿದ ಗಟ್ಟಿ ಉಕ್ಕು ಬರಿಯ ಉರುಳುವಿಕೆಯಿಂದ ಒಡೆಯುವುದೆಂತು ಎಂದು ಕೇಳಿದೆ. ಅದನ್ನು ಓದಿದವರನ್ನು ಕೇಳಬೇಕು ಮೇಷ್ಟ್ರೇ ಎಂಬ ಅರ್ಥದಲ್ಲಿ ಅವರು ನಕ್ಕರು.

ಓದಿದವನು ನಾನೇ ಎಂಬ ಗರ್ವಕ್ಕೆ ಅಲ್ಲೊಂದು ಪೆಟ್ಟು ಬಿತ್ತೆನ್ನಬೇಕು. ಅಂದು ಸಂಜೆ ಬಸ್ಸಿನಲ್ಲಿ ಕುಳಿತು, ಇಂಜಿನಿಯರಿಂಗ್ ಓದಿ ಮೈಸೂರಿನಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನಿಗೆ ಫೋನು ಮಾಡಿದೆ. ಇಂಥ ಗುಂಡಿಗೂ ಬಳೆಗೂ ನಡುವಣ ಒತ್ತಡವನ್ನು ಮೊತ್ತಮೊದಲು ಲೆಕ್ಕಹಾಕಿದವನು ಹರ್ಟ್ಸ್ ಎಂದು ಆತನ ಉತ್ತರ. ಹುಡುಗ ಎಲ್ಲೋ ಹೆಸರು ತಪ್ಪಿದನೆಂದುಕೊಂಡೆ. ಏಕೆಂದರೆ ಅದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ನಮ್ಮ ಕಾಲೇಜಿನ ವೇದಿಕೆಯ ಮೇಲೆ ನಿಂತು ರೇಡಿಯೋ ಅಲೆಗಳ ಹರ್ಟ್ಸ್‌ನನ್ನು ನಾನೇ ಕೊಂಡಾಡಿದ್ದೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ನಡೆಸಿದ ಆಕಾಶವಾಣಿಗೂ, ಈಗ ಹುಡುಗರ ಕೈಯಲ್ಲಿರುವ ಮೊಬೈಲಿಗೂ ಮೂಲಪುರುಷನೆಂದು ಆತನನ್ನು ವರ್ಣಿಸಿದ್ದೆ. ಬೇರಿಂಗಿನ ಹರ್ಟ್ಸ್ ಬೇರೆ ಯಾರೋ ಇರಬೇಕು!

ಬೇರೆ ಯಾರೂ ಅಲ್ಲ, ಅವನೇ ಇವನು. ಆಮೇಲಿನ ಕೆಲವು ತಿಂಗಳು ದೊರೆತದ್ದನ್ನೆಲ್ಲ ಓದಿ ತಿಳಿದುಕೊಂಡೆನು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಿಂದ ನಮ್ಮ ತರಗತಿಗೆ ಬರುವ ಮಕ್ಕಳಲ್ಲಿ ಅನೇಕರ ಮನೆಯಲ್ಲಿ ಒಂದು ಪಂಪುಸೆಟ್ಟೋ ಟ್ರಾಕ್ಟರೋ ರಾಗಿ ಬೀಸುವ ಗಿರಣಿಯೋ ಇರುತ್ತದೆ. ಆ ಮಕ್ಕಳಿಗೆ ನಾನು ಹರ್ಟ್ಸ್‌ನ ಅರ್ಧ ಕಥೆಯನ್ನು ಮಾತ್ರ ಹೇಳಿದ್ದೆ. ಉಳಿದ ಅರ್ಧವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಹೈನ್ರಿಕ್ ರುಡಾಲ್ಫ್ ಹರ್ಟ್ಸ್ 1857ನೆಯ ಇಸವಿ ಫೆಬ್ರವರಿ 22ರಂದು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಹುಟ್ಟಿದನು. ತಂದೆ ಗುಸ್ಟಾವ್ ಹರ್ಟ್ಸ್ ವಕೀಲ. ಮುಂದೆ ಆ ನಗರದ ಸೆನೆಟಿನ ಸದಸ್ಯನಾದವನು. ಮನೆತನ ಮೂಲದಲ್ಲಿ ಯೆಹೂದ್ಯರದು. ತಂದೆ ಎಳೆಯನಾಗಿದ್ದಾಗಲೇ ಕ್ರೈಸ್ತ ಮತಕ್ಕೆ ಸೇರಿದ್ದಿತು. ತಾಯಿ ಅನ್ನಾ ವೈದ್ಯರೊಬ್ಬರ ಮಗಳು. ಮಕ್ಕಳಲ್ಲಿ ಹಿರಿಯನಾದ ಹೈನ್ರಿಕ್‌ಗೆ ಭಾಷೆಗಳು ಸುಲಭವಾಗಿ ಒಲಿಯುತ್ತಿದ್ದವು. ಅರಬ್ಬೀ ಭಾಷೆ ಕಲಿಸಿದ ಗುರುವು ಈ ಹುಡುಗನನ್ನು ಪೌರಸ್ತ್ಯ ಭಾಷೆಗಳ ಅಧ್ಯಯನಕ್ಕೇ ಬಿಡಬೇಕೆಂದು ತಂದೆಯ ಬಳಿ ಒತ್ತಾಯಿಸಿದನಂತೆ. ಭಾಷೆಯ ಮೇಷ್ಟ್ರಾದ ನನಗೆ ಈ ಸಂಗತಿ ಓದಿ ಒಳಗೊಳಗೇ ಹಿಗ್ಗಾಯಿತು. ಆತ ಆ ಗುರುವಿನ ಮಾತು ಕೇಳದಿದ್ದದ್ದು ಲೋಕದ ಭಾಗ್ಯ.

ಏಕೆಂದರೆ ಹುಡುಗನ ಕೈಗಳಿಗೆ ಬೇರೆ ಹಂಬಲವಿತ್ತು. ಮನೆಯಲ್ಲಿ ಬಡಗಿಯ ಮೇಜು, ಉಳಿ, ಕೊಡತಿ. ಆಮೇಲೆ ಒಂದು ಕಡಚಲು ಯಂತ್ರ. ನಮ್ಮ ಚನ್ನಪಟ್ಟಣದಲ್ಲಿ ಬೊಂಬೆಯ ಮರವನ್ನು ತಿರುಗಿಸುತ್ತ ಉಳಿ ಹಿಡಿದು ರೂಪ ಕೊಡುತ್ತಾರಲ್ಲ, ಆ ಬಗೆಯದು. ಭಾನುವಾರಗಳಲ್ಲಿ ಕೈಗಾರಿಕಾ ಶಾಲೆಗೆ ಹೋಗಿ ನಕ್ಷೆ ಎಳೆಯುವುದನ್ನು ಕಲಿತನು. ಕಡಚಲು ಕಲಿಸಿದ ಕಸುಬುದಾರನಿಗೆ, ವರ್ಷಗಳ ಮೇಲೆ, ಶಿಷ್ಯನು ಪ್ರೊಫೆಸರನಾದ ಸುದ್ದಿ ತಿಳಿಯಿತು. ಎಂಥ ಒಳ್ಳೆಯ ಕಸುಬುದಾರನೊಬ್ಬ ಹಾಳಾದನಲ್ಲಾ ಎಂದು ಆತ ಮರುಗಿದನೆಂದು ಹರ್ಟ್ಸ್‌ನ ತಾಯಿ ನೆನಪಿಸಿಕೊಂಡಿದ್ದಾಳೆ. ನಮ್ಮ ಮೇಸ್ತ್ರಿಗಳು ಈ ಕಥೆ ಕೇಳಿ ಬಹಳ ಹೊತ್ತು ನಗುತ್ತಿದ್ದರು.

ಶಾಲೆ ಮುಗಿದದ್ದು 1875ರಲ್ಲಿ. ಇಂಜಿನಿಯರನಾಗುವುದೇ ಮೊದಲ ನಿಶ್ಚಯ. ಫ್ರಾಂಕ್‌ಫರ್ಟಿನಲ್ಲಿ ಕಟ್ಟಡ, ಸೇತುವೆಗಳ ಕೆಲಸದ ಅನುಭವಕ್ಕೆಂದು ಒಂದು ವರ್ಷ. ಡ್ರೆಸ್ಡನ್ನಿನ ತಾಂತ್ರಿಕ ಶಾಲೆಯಲ್ಲಿ ಕೆಲವು ತಿಂಗಳು. ಬರ್ಲಿನ್ನಿನ ರೈಲ್ವೆ ಪಡೆಯಲ್ಲಿ ಕಡ್ಡಾಯದ ಒಂದು ವರ್ಷ ಸೈನಿಕಸೇವೆ. 1877ರ ಶರತ್ಕಾಲದಲ್ಲಿ ಇಂಜಿನಿಯರಿಂಗ್ ಮುಂದುವರಿಸಲೆಂದು ಮ್ಯೂನಿಕ್ಕಿಗೆ ಬಂದವನು ಅಲ್ಲಿ ಇದ್ದಕ್ಕಿದ್ದಂತೆ ತಡೆದು ನಿಂತನು. ಇಂಜಿನಿಯರನಾಗಿ ನೆಮ್ಮದಿಯ ಜೀವನ ಮಾಡಬಹುದು. ಆದರೆ ತನಗೆ ಬೇಕಾದದ್ದು ಪ್ರಕೃತಿಯ ನಿಯಮಗಳ ಅರಿವೇ ಎಂಬುದು ಒಳಗಿನಿಂದ ಕಾಡಿತು. ತಂದೆಗೆ ದೀರ್ಘವಾದ ಕಾಗದ ಬರೆದು, ದಾರಿ ಬದಲಿಸಲು ಅಪ್ಪಣೆ ಬೇಡಿದನು. ಇಪ್ಪತ್ತು ವರ್ಷದ ಹುಡುಗನು ಎರಡು ವರ್ಷದ ಖರ್ಚನ್ನು ನೀರಿಗೆ ಹಾಕಿದೆನೆಂದು ತಂದೆಯ ಮುಂದೆ ಒಪ್ಪಿಕೊಳ್ಳುವುದು ಯಾವ ದೇಶದಲ್ಲಿಯೂ ಸುಲಭವಲ್ಲ. ಇಂಥ ಕಾಗದ ಬರೆಯಲಾರದೆ ನನ್ನೆದುರು ಕುಳಿತು ಕಣ್ಣೀರಿಟ್ಟ ಹುಡುಗರನ್ನು ನಾನು ಕಂಡಿದ್ದೇನೆ. ಗುಸ್ಟಾವ್ ಹರ್ಟ್ಸ್ ಒಪ್ಪಿದನು.

ಒಂದು ವರ್ಷ ಮ್ಯೂನಿಕ್ಕಿನಲ್ಲಿ ಗಣಿತವನ್ನು ಓದಿ, 1878ರಲ್ಲಿ ಬರ್ಲಿನ್ನಿಗೆ ಬಂದನು. ಅಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಕಿರ್ಖಾಫ್ ಎಂಬ ಇಬ್ಬರು ಮಹಾಗುರುಗಳಿದ್ದರು. ಬಂದ ಮರುವರ್ಷವೇ ವಿಶ್ವವಿದ್ಯಾನಿಲಯದ ಬಹುಮಾನ, 1880ರಲ್ಲಿ ಡಾಕ್ಟರೇಟು, ಆ ವರ್ಷವೇ ಹೆಲ್ಮ್‌ಹೋಲ್ಟ್ಸ್‌ನ ಪ್ರಯೋಗಶಾಲೆಯಲ್ಲಿ ಸಹಾಯಕನ ಹುದ್ದೆ. ಆಗ ಆತನಿಗೆ 23 ವಯಸ್ಸು.

ಆ ಚಳಿಗಾಲದ ಸಂಗತಿಯೇ ನಾನು ಹೇಳಹೊರಟದ್ದು.

ಎರಡು ಗಾಜಿನ ಮಸೂರಗಳನ್ನು ಒಂದರ ಮೇಲೊಂದಿಟ್ಟು ಒತ್ತಿ, ಮೇಲಿನಿಂದ ಬೆಳಕು ಬಿಟ್ಟರೆ, ಅವು ತಾಗಿದ ಜಾಗದ ಸುತ್ತ ಬಣ್ಣಬಣ್ಣದ ಉಂಗುರಗಳು ಕಾಣುತ್ತವೆ. ನ್ಯೂಟನ್ನಿನ ಉಂಗುರಗಳೆಂದು ಅವಕ್ಕೆ ಹೆಸರು. ನೋಡಿದವರೆಲ್ಲ ಉಂಗುರಗಳನ್ನು ನೋಡುತ್ತಿದ್ದರು. ಹರ್ಟ್ಸ್‌ನ ದೃಷ್ಟಿ ನಡುವೆ ತಾಗಿರುವ ಗಾಜಿನ ಕಡೆಗೆ ಹೊರಳಿತು. ಒತ್ತಿದಾಗ ಗಾಜು ತಾನೇ ಒಂದಿಷ್ಟು ಚಪ್ಪಟೆಯಾಗಬೇಕಲ್ಲವೆ? ಆಗುವುದಾದರೆ ಎಷ್ಟು? ಈ ಪ್ರಶ್ನೆಯನ್ನು ಹಿಡಿದುಕೊಂಡು ಆತನು 1880ರ ಕ್ರಿಸ್‌ಮಸ್ ರಜೆಯನ್ನು ಕಳೆದನು. ರಜೆ ಮುಗಿಯುವಷ್ಟರಲ್ಲಿ ಉತ್ತರ ಬಹುಮಟ್ಟಿಗೆ ಕೈಸೇರಿತ್ತು. 1881ರ ಜನವರಿ 31ರಂದು ಬರ್ಲಿನ್ನಿನ ಭೌತಶಾಸ್ತ್ರ ಸಂಘದ ಮುಂದೆ ಅದನ್ನು ಓದಿದನು.

ಪ್ರಶ್ನೆ ಎಳೆಯ ಮಕ್ಕಳಾಟದಂತೆ ಕಾಣುತ್ತದೆ. ಎರಡು ಗೋಲಿಗಳನ್ನು ತಾಗಿಸಿ ಹಿಡಿಯಿರಿ. ರೇಖಾಗಣಿತದ ಪ್ರಕಾರ ಅವು ಒಂದು ಬಿಂದುವಿನಲ್ಲಿ ಮಾತ್ರ ಕೂಡುತ್ತವೆ. ಬಿಂದುವಿಗೆ ವಿಸ್ತಾರವಿಲ್ಲ. ವಿಸ್ತಾರವಿಲ್ಲದ ಜಾಗದ ಮೇಲೆ ಸಾಸಿವೆಕಾಳಿನಷ್ಟು ಭಾರ ಬಿದ್ದರೂ ಒತ್ತಡವು ಅನಂತವಾಗಬೇಕು, ಗೋಲಿ ಪುಡಿಯಾಗಬೇಕು. ಹಾಗಾಗುವುದಿಲ್ಲ. ಗೋಲಿಯು ಕಾಣದಷ್ಟು ತಗ್ಗಿ, ಬಿಂದುವನ್ನು ಒಂದು ಪುಟ್ಟ ಬಿಲ್ಲೆಯಾಗಿ ಹರಡಿಕೊಂಡು ತನ್ನ ಪ್ರಾಣವನ್ನು ಉಳಿಸಿಕೊಳ್ಳುತ್ತದೆ. ಬಿಲ್ಲೆಯ ಅಗಲ ಗೊತ್ತಾಗಬೇಕಾದರೆ ಒತ್ತಡ ಹೇಗೆ ಹಂಚಿದೆಯೆಂದು ತಿಳಿಯಬೇಕು. ಒತ್ತಡ ತಿಳಿಯಬೇಕಾದರೆ ಬಿಲ್ಲೆಯ ಅಗಲ ಗೊತ್ತಿರಬೇಕು. ಈ ಗಂಟನ್ನು ಹರ್ಟ್ಸ್ ಬಿಚ್ಚಿದ ಬಗೆ ಸೊಗಸಾದದ್ದು. ವಿದ್ಯುದಾವೇಶದ ವಿಷಯದಲ್ಲಿ ಗಣಿತಜ್ಞರು ಆಗಲೇ ಸಾಧಿಸಿದ್ದ ಒಂದು ಸಿದ್ಧಾಂತದ ರೂಪವೇ ಇಲ್ಲಿಗೂ ಹೊಂದುತ್ತದೆಂದು ಕಂಡುಕೊಂಡನು. ತಾಗುವ ಜಾಗವು ದೀರ್ಘವೃತ್ತವೆಂದೂ, ಒತ್ತಡವು ಅದರ ಅಂಚಿನಲ್ಲಿ ಸೊನ್ನೆಯಾಗಿ ನಡುವೆ ಗುಮ್ಮಟದಂತೆ ಏರುವುದೆಂದೂ ತೋರಿಸಿದನು. ಗಾಜಿನ ಮೇಲೆ ತೆಳುವಾಗಿ ಕಾಡಿಗೆಯ ಮಸಿ ಹಿಡಿಸಿ, ಒತ್ತಿ, ಮೂಡಿದ ಗುರುತನ್ನು ಅಳೆದು ಲೆಕ್ಕವನ್ನು ತಾಳೆನೋಡಿದನು. ಕಡಚಲು ಕಲಿತ ಕೈ ಸುಮ್ಮನಿರುವುದೆ?

ಆ ಲೆಕ್ಕದ ಫಲದಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಗುಂಡಿನ ಮೇಲಿನ ಭಾರವನ್ನು ಎಂಟು ಪಟ್ಟು ಹೆಚ್ಚಿಸಿದರೆ ತಾಗುವ ಬಿಲ್ಲೆಯ ಅಡ್ಡಳತೆ ಎರಡು ಪಟ್ಟಾಗುತ್ತದೆ, ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಒತ್ತಡ ಏರುವುದು ಎರಡೇ ಪಟ್ಟು. ಉಕ್ಕಿನ ಒಂದು ಗೋಲಿಯಷ್ಟು ದಪ್ಪದ ಗುಂಡು ಅಷ್ಟೊಂದು ಭಾರವನ್ನು ಹೊತ್ತು ಬದುಕುವ ಗುಟ್ಟು ಇದರಲ್ಲಿದೆ.

ವಿದ್ವಾಂಸರಿಗಿಂತ ಹೆಚ್ಚಾಗಿ ಈ ಲೇಖನದ ಬೆನ್ನುಹತ್ತಿದವರು ಯಂತ್ರ ಕಟ್ಟುವವರು. ಅವರಿಗಾಗಿ ಹರ್ಟ್ಸ್ 1882ರಲ್ಲಿ ಮತ್ತೊಂದು ಲೇಖನವನ್ನು ಕೈಗಾರಿಕಾ ಸಂಘವೊಂದರ ಪತ್ರಿಕೆಗೆ ಬರೆದು, ವಸ್ತುಗಳ ಗಡಸುತನವನ್ನು ಅಳೆಯುವ ಬಗೆಯನ್ನೂ ಅದರಲ್ಲಿ ಸೇರಿಸಿದನು. ಇಂಜಿನಿಯರನಾಗಲಾರೆನೆಂದು ತಂದೆಗೆ ಬರೆದು ನಾಲ್ಕೈದು ವರ್ಷವಾಗುವಷ್ಟರಲ್ಲಿ ಇಂಜಿನಿಯರುಗಳೇ ಆತನ ಬಾಗಿಲಿಗೆ ಬಂದಿದ್ದರು. ಅಲ್ಲಿಗೆ ಆತನು ಆ ವಿಷಯವನ್ನು ಕೈಬಿಟ್ಟನು. ಮುಂದೆ ಅದು ಎಲ್ಲಿಗೆ ಹೋಗಿ ಮುಟ್ಟಿತೆಂಬುದು ಆತನಿಗೆ ತಿಳಿಯಲೇ ಇಲ್ಲ.

ಅದು ಹೋದ ಹಾದಿಯನ್ನು ಮೊದಲು ಹೇಳಿಬಿಡುತ್ತೇನೆ. 19ನೆಯ ಶತಮಾನದ ಕೊನೆಯಲ್ಲಿ ಸೈಕಲ್ಲು, ಮೋಟಾರು, ಕಾರ್ಖಾನೆಗಳಿಗೆಲ್ಲ ಗುಂಡಿನ ಬೇರಿಂಗುಗಳು ಬೇಕಾದವು. ಜರ್ಮನಿಯ ಸ್ಟ್ರೈಬೆಕ್ ಎಂಬ ಇಂಜಿನಿಯರನು ಹರ್ಟ್ಸ್‌ನ ಸೂತ್ರಗಳನ್ನು ಹಿಡಿದು ಗುಂಡುಗಳನ್ನು ಒತ್ತಿ, ಒಡೆದು ಪರೀಕ್ಷಿಸಿದನು. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಒಂದು ಬಟ್ಟೆ ಗಿರಣಿಯಲ್ಲಿ, ನೆಲ ಕುಸಿದು ಶಾಫ್ಟುಗಳು ಓರೆಯಾಗಿ ಬೇರಿಂಗುಗಳು ಮತ್ತೆಮತ್ತೆ ಕೆಡುತ್ತಿದ್ದವು. ಆ ಬೇಸರವೇ ಸ್ವೆನ್ ವಿಂಗ್‌ಕ್ವಿಸ್ಟ್ ಎಂಬ ತರುಣನು 1907ರಲ್ಲಿ ತಾನಾಗಿ ನೇರಕ್ಕೆ ಬಂದು ಕೂರುವ ಬೇರಿಂಗನ್ನು ರೂಪಿಸಲು ಕಾರಣವಾಯಿತು. ಆತನು ಕಟ್ಟಿದ ಎಸ್.ಕೆ.ಎಫ್. ಸಂಸ್ಥೆಯಲ್ಲಿದ್ದ ಆರ್ವಿಡ್ ಪಾಲ್ಮ್‌ಗ್ರೆನ್ 1924ರಲ್ಲಿ ಬೇರಿಂಗಿನ ಆಯುಷ್ಯವನ್ನು ಲೆಕ್ಕಹಾಕುವ ಬಗೆಯನ್ನು ಪ್ರಕಟಿಸಿದನು. 1947ರಲ್ಲಿ ಲುಂಡ್‌ಬರ್ಗ್ ಎಂಬ ವಿದ್ವಾಂಸನೊಡನೆ ಸೇರಿ ಅದಕ್ಕೆ ಗಟ್ಟಿ ತಳಹದಿ ಹಾಕಿದನು. ಆ ತಳಹದಿಯ ಕೆಳಗಣ ಕಲ್ಲು ಹರ್ಟ್ಸ್‌ನ ರಜೆಯ ಲೆಕ್ಕ.

ಇನ್ನು ಮೇಸ್ತ್ರಿಗಳು ನನ್ನ ಅಂಗೈಯಲ್ಲಿಟ್ಟ ಬಳೆ. ಚೆನ್ನಾಗಿ ನಡೆಯುವ ಬೇರಿಂಗಿನಲ್ಲಿಯೂ ಗುಂಡಿಗೂ ಬಳೆಗೂ ನಡುವೆ ಚದರ ಸೆಂಟಿಮೀಟರಿಗೆ ಹದಿನೈದು ಟನ್ನಿನ ಲೆಕ್ಕದ ಒತ್ತಡ ಬೀಳುವುದು ಅಪರೂಪವಲ್ಲ. ಮೇಲ್ಮೈ ಇದನ್ನು ತಾಳುತ್ತದೆ. ಸುತ್ತಲಿನ ಲೋಹವೆಲ್ಲ ಅದನ್ನು ಅದುಮಿ ಹಿಡಿದಿರುತ್ತದೆ. ಆದರೆ ಲೋಹದ ಒಂದು ಪದರನ್ನು ಇನ್ನೊಂದರ ಮೇಲೆ ಜಾರಿಸಲೆಳಸುವ ಬಲವು ಎಲ್ಲಕ್ಕಿಂತ ಹೆಚ್ಚಾಗಿರುವುದು ಮೇಲೆ ಅಲ್ಲ, ಮೈಯೊಳಗೆ. ತಾಗುವ ಬಿಲ್ಲೆಯ ಅರೆವ್ಯಾಸದ ಸುಮಾರು ಅರ್ಧದಷ್ಟು ಆಳದಲ್ಲಿ, ಎಂದರೆ ಮಿಲಿಮೀಟರಿನ ಒಂದು ಸಣ್ಣ ಪಾಲಿನಷ್ಟು ಕೆಳಗೆ. ಹರ್ಟ್ಸ್ ಹಾಕಿಕೊಟ್ಟ ಗೆರೆಯ ಮೇಲೆ ನಡೆದು ಇದನ್ನು ಬಿಡಿಸಿದವರು ಪೋಲೆಂಡಿನ ಹ್ಯೂಬರ್ ಮೊದಲಾದ 20ನೆಯ ಶತಮಾನದ ಪಂಡಿತರು. ಒಂದೊಂದು ಗುಂಡು ಹಾದುಹೋದಾಗಲೂ ಆ ಆಳದ ಲೋಹವು ಒಮ್ಮೆ ನಲುಗಿ ಬಿಡುತ್ತದೆ. ಹಾಗೆ ಲಕ್ಷಸಲ, ಕೋಟಿಸಲ. ಉಕ್ಕನ್ನು ಕರಗಿಸುವಾಗ ಉಳಿದ ಕಿಟ್ಟದ ಕಣವೊಂದು ಅಲ್ಲಿದ್ದರೆ ಅದರ ಅಂಚಿನಲ್ಲಿ ಕೂದಲೆಳೆಗಿಂತ ಸಣ್ಣ ಬಿರುಕು ಹುಟ್ಟುತ್ತದೆ. ಅದು ಮೆಲ್ಲಮೆಲ್ಲನೆ ಮೇಲಕ್ಕೆ ಹರಿದು ಬಂದ ದಿನ, ಅದುವರೆಗೆ ಕನ್ನಡಿಯಂತಿದ್ದ ಮೈಯಿಂದ ಒಂದು ಚಕ್ಕೆ ಕಳಚಿ ಬೀಳುತ್ತದೆ. ಆಮೇಲೆ ಕೆಡುಕು ಬೇಗಬೇಗ ಹಬ್ಬುತ್ತದೆ.

ಇದಕ್ಕೆ ಲೋಹದ ದಣಿವೆಂದು ಹೆಸರಿಟ್ಟಿದ್ದಾರೆ. ಮಾತಿನ ವ್ಯಾಪಾರ ನಡೆಸುವವನಾಗಿ ನಾನು ಇಲ್ಲೊಂದು ತಕರಾರು ಎತ್ತಬೇಕಾಗಿದೆ. ದಣಿದ ಎತ್ತು ಕೊಟ್ಟಿಗೆಯಲ್ಲಿ ಒಂದು ರಾತ್ರಿ ಮಲಗಿದರೆ ಬೆಳಗಿಗೆ ಮತ್ತೆ ನೊಗಕ್ಕೆ ಸಿದ್ಧ. ದಣಿದ ಉಕ್ಕಿಗೆ ವಿಶ್ರಾಂತಿಯಿಂದ ಏನೂ ಆಗುವುದಿಲ್ಲ. ಒಳಗಿನ ಬಿರುಕು ಮಲಗಿದ್ದಲ್ಲಿಂದಲೇ ಮರುದಿನ ಮುಂದುವರಿಯುತ್ತದೆ. ಸವೆತವೆಂಬುದೂ ಸರಿಯಲ್ಲ. ಕಳೆದ ಶತಮಾನಗಳಲ್ಲಿ ನಮ್ಮ ಹುಣಸೂರು ಗಾಡಿಗಳಿಗೆ ಹೆಸರಾದ ಊರು. ಆ ಗಾಡಿಗಳ ಗುಂಬ ಅಚ್ಚಿನ ಮೇಲೆ ಉಜ್ಜಿ ಉಜ್ಜಿ ಸವೆಯುತ್ತಿತ್ತು. ಗಾಲಿ ಓಲಾಡತೊಡಗಿದರೆ ಯಜಮಾನನಿಗೆ ಕಣ್ಣಿಗೆ ಕಾಣುತ್ತಿತ್ತು, ಕೀಲೆಣ್ಣೆಯ ಗೊಟ್ಟ ಗಾಡಿಯ ಕೆಳಗೇ ತೂಗುತ್ತಿತ್ತು. ಗುಂಡಿನ ಬೇರಿಂಗು ಹಾಗೆ ಹೇಳಿ ಕೆಡುವುದಿಲ್ಲ. ಕೆಡುವ ಹಿಂದಿನ ದಿನದವರೆಗೂ ಅದರ ಮುಖದಲ್ಲಿ ಮಂದಹಾಸ.

ಹಾಗಾದರೆ ಅದು ಎಷ್ಟು ದಿನ ಬಾಳೀತು? ಪ್ರತಿಯೊಂದು ಬೇರಿಂಗಿಗೂ ಒಂದು ಭಾರವನ್ನು ಗೊತ್ತುಮಾಡಿರುತ್ತಾರೆ. ಅಷ್ಟು ಭಾರ ಹೊರಿಸಿದರೆ ನೂರರಲ್ಲಿ ತೊಂಬತ್ತು ಬೇರಿಂಗುಗಳಾದರೂ ಹತ್ತು ಲಕ್ಷ ಸುತ್ತುಗಳನ್ನು ದಾಟಬೇಕು. ಹತ್ತು ಲಕ್ಷವೆಂದರೆ ದೊಡ್ಡದೆನಿಸುತ್ತದೆ. ನಿಮಿಷಕ್ಕೆ 1000 ಸುತ್ತಿನಂತೆ ದಿನಕ್ಕೆ ಹತ್ತು ಗಂಟೆ ತಿರುಗುವ ಶಾಫ್ಟು ಒಂದು ದಿನದಲ್ಲಿ ಆರು ಲಕ್ಷ ಸುತ್ತು ಹಾಕುತ್ತದೆ. ಎರಡನೆಯ ದಿನದ ಸಂಜೆಯೊಳಗೆ ಆ ಲೆಕ್ಕ ಮುಗಿಯಿತು. ಭಾರವನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ ಆಯುಷ್ಯ ಸಾವಿರ ಪಟ್ಟಾಗಿ ನಾಲ್ಕೂವರೆ ವರ್ಷಕ್ಕೆ ಬರುತ್ತದೆ. ಇದೇ ಪಾಲ್ಮ್‌ಗ್ರೆನ್ನನ ನಿಯಮ: ಗುಂಡಿನ ಬೇರಿಂಗಿನ ಮೇಲೆ ಭಾರ ಇಮ್ಮಡಿಯಾದರೆ ಆಯುಷ್ಯ ಅರ್ಧವಾಗುವುದಲ್ಲ, ಎಂಟರಲ್ಲಿ ಒಂದು ಪಾಲಿಗಿಳಿಯುತ್ತದೆ.

ಭಾವನವರ ಮಿಲ್ಲಿನಲ್ಲಿ ನಡೆದದ್ದು ಇದೇ ಎಂದು ನನ್ನ ಶಿಷ್ಯನು ಮುಂದಿನ ವಾರ ಬಂದು ನೋಡಿ ಹೇಳಿದನು. ಬೆಲ್ಟು ಜಾರುತ್ತದೆಂದು ಸುಗ್ಗಿಯ ಆತುರದಲ್ಲಿ ಅದನ್ನು ತಂತಿಯಂತೆ ಬಿಗಿದಿದ್ದರು. ಬೆಲ್ಟಿನ ಎಳೆತವಷ್ಟೂ ಆ ತುದಿಯ ಬೇರಿಂಗಿನ ಮೇಲೆಯೇ. ಜೊತೆಗೆ ಧೂಳು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೇರಳವಾಗಿದೆ; ಮರಳಿನ ತಮ್ಮನೆನ್ನಬಹುದು. ಹರಿದುಹೋದ ಮುಚ್ಚಳದ ಸಂದಿನಲ್ಲಿ ಅದು ಗ್ರೀಸಿಗೆ ಸೇರಿ, ಗುಂಡಿನ ಕೆಳಗೆ ಸಿಕ್ಕಿ, ಹಾದಿಯ ಮೇಲೆ ಸೂಜಿಮೊನೆಯಂಥ ತಗ್ಗು ಮಾಡುತ್ತದೆ. ತಗ್ಗಿನ ಅಂಚು ಉಬ್ಬಿ ನಿಲ್ಲುತ್ತದೆ. ಗುಂಡು ಹಾಯುವಾಗ ಒತ್ತಡವೆಲ್ಲ ಆ ಅಂಚಿನ ಮೇಲೆ. ಆಗ ಬಿರುಕು ಆಳದಲ್ಲಿ ಹುಟ್ಟುವವರೆಗೆ ಕಾಯಬೇಕಾಗಿಲ್ಲ, ಮೇಲಿನಿಂದಲೇ ಹೊರಡುತ್ತದೆ. ಸುಸ್ಥಿತಿಯಲ್ಲಿರುವ ಬೇರಿಂಗಿನಲ್ಲಿ ಎಣ್ಣೆಯು ಆ ಅಪಾರ ಒತ್ತಡಕ್ಕೆ ಸಿಕ್ಕಿ ಹೆಚ್ಚುಕಡಿಮೆ ಗಟ್ಟಿಯಾಗಿ, ತಲೆಗೂದಲಿನ ನೂರನೆಯ ಒಂದು ಪಾಲಿನಷ್ಟು ತೆಳುವಾದ ಪೊರೆಯಾಗಿ ಉಕ್ಕನ್ನು ಉಕ್ಕಿನಿಂದ ಅಗಲಿಸಿ ಹಿಡಿಯುತ್ತದೆ. ಅಷ್ಟು ತೆಳುವಾದ ಪೊರೆಗೆ ಹೊಟ್ಟಿನ ಒಂದು ಕಣ ಬೆಟ್ಟಕ್ಕೆ ಸಮ; ನೀರಿನ ಪಸೆ ಹಾಲಿಗೆ ಹುಳಿಯಿದ್ದಂತೆ.

ಮೂರನೆಯ ಕಾರಣವನ್ನು ಹೇಳುವಾಗ ಮೇಸ್ತ್ರಿಗಳೇ ತಲೆ ತಗ್ಗಿಸಿದರು. ಹೊಸ ಬೇರಿಂಗನ್ನು ಶಾಫ್ಟಿಗೆ ಏರಿಸುವಾಗ ಅವಸರಕ್ಕೆ ಹೊರಬಳೆಯ ಮೇಲೆ ಸುತ್ತಿಗೆಯಿಂದ ಬಡಿದಿದ್ದರು. ಆ ಏಟು ಒಳಬಳೆಗೆ ತಲುಪುವುದು ಗುಂಡುಗಳ ಮೂಲಕವೇ ಅಲ್ಲವೆ? ಒಂದೊಂದು ಏಟಿಗೂ ಗುಂಡಿನ ಅಚ್ಚು ಹಾದಿಯ ಮೇಲೆ ಮೂಡುತ್ತದೆ. ಬೇರಿಂಗು ತಿರುಗುವ ಮೊದಲೇ ಅದರ ಹಣೆಬರಹ ಬರೆದಾಯಿತು. ಏರಿಸುವುದಾದರೆ ಒಳಬಳೆಗೆ ಸರಿಯಾಗಿ ಕೂರುವ ಕೊಳವೆಯನ್ನಿಟ್ಟು ಅದರ ಮೇಲೆ ಒತ್ತಬೇಕು. ಇಲ್ಲವೆ ಬೇರಿಂಗನ್ನು ಎಣ್ಣೆಯಲ್ಲಿಟ್ಟು ನೂರು ಡಿಗ್ರಿಯ ಆಸುಪಾಸಿಗೆ ಕಾಯಿಸಿ ಹಿಗ್ಗಿಸಿ ಏರಿಸಬೇಕು. ಬೆಂಕಿಯ ಜ್ವಾಲೆ ಹಿಡಿದರೆ ಉಕ್ಕಿನ ಹದವೇ ಹೋಗುತ್ತದೆ. ಗ್ರೀಸನ್ನೂ ಕಂಡಾಬಟ್ಟೆ ತುಂಬಕೂಡದು. ಒಳಗಿನ ಜಾಗದ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಸಾಕು. ಹೆಚ್ಚಾದರೆ ಕಡೆದು ಕಡೆದು ಬಿಸಿಯಾಗಿ ಎಣ್ಣೆ ಬೇರ್ಪಡುತ್ತದೆ. ಇವೆಲ್ಲ ಮೇಸ್ತ್ರಿಗಳಿಗೆ ತಿಳಿಯದ್ದಲ್ಲ. ಅಂಗಳದಲ್ಲಿ ನೂರು ಜನ ಕಾದಿರುವಾಗ ಕೈ ತಪ್ಪುತ್ತದೆ.

ಮತ್ತೆ ಹರ್ಟ್ಸ್‌ನ ಬಳಿಗೆ ಬರೋಣ. 1883ರಲ್ಲಿ ಕೀಲ್ ನಗರಕ್ಕೂ 1885ರಲ್ಲಿ ಕಾರ್ಲ್ಸ್‌ರೂಹೆಯ ತಾಂತ್ರಿಕ ವಿದ್ಯಾಲಯಕ್ಕೂ ಹೋದನು. ಅಲ್ಲಿಯೇ ಸಹೋದ್ಯೋಗಿಯ ಮಗಳಾದ ಎಲಿಸಬೆತ್ ಡೋಲ್ ಎಂಬಾಕೆಯನ್ನು 1886ರಲ್ಲಿ ವರಿಸಿದನು. ಅದೇ ವರ್ಷ ಆರಂಭವಾಗಿ 1888ರವರೆಗೆ ನಡೆದ ಪ್ರಯೋಗಗಳು ಜಗತ್ಪ್ರಸಿದ್ಧ. ಇಂಗ್ಲೆಂಡಿನಲ್ಲಿ 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಕಾಗದದ ಮೇಲೆ ಕಂಡಿದ್ದ ವಿದ್ಯುತ್ಕಾಂತ ಅಲೆಗಳನ್ನು ಹರ್ಟ್ಸ್ ಕತ್ತಲೆಕೋಣೆಯಲ್ಲಿ, ತಂತಿಯ ಬಳೆಯೊಂದರ ಸಣ್ಣ ಸಂದಿನಲ್ಲಿ ಹಾರುವ ಕಿಡಿಯಾಗಿ ಕಣ್ಣಾರೆ ಕಂಡನು. ಸತುವಿನ ತಗಡಿನಿಂದ ಅವನ್ನು ಹಿಂದಿರುಗಿಸಿ ಅಳೆದನು. ಈ ಕಥೆಯನ್ನು ವಾಚಕರು ಶಾಲೆಯಲ್ಲಿಯೇ ಓದಿರುತ್ತಾರೆ, ಬೆಳೆಸುವುದಿಲ್ಲ. ಈ ಅಲೆಗಳಿಂದ ದೂರವಾಣಿಯ ಮಾತನ್ನು ಸಾಗಿಸಬಹುದೇ ಎಂದು ಇಂಜಿನಿಯರನೊಬ್ಬ 1889ರಲ್ಲಿ ಕೇಳಿದಾಗ ಹರ್ಟ್ಸ್ ಅದು ಆಗದ ಕೆಲಸವೆಂದು ಲೆಕ್ಕಸಹಿತ ಉತ್ತರಿಸಿದನೆಂಬುದನ್ನು ಮಾತ್ರ ಸೇರಿಸುತ್ತೇನೆ. ತನ್ನ ಬೆಳೆಯ ಫಲವನ್ನು ತಾನೇ ಊಹಿಸದೆ ಹೋದದ್ದು ಆತನ ಬಾಳಿನಲ್ಲಿ ಎರಡು ಸಲ ನಡೆಯಿತು.

1889ರಲ್ಲಿ ಬಾನ್ ವಿಶ್ವವಿದ್ಯಾನಿಲಯದ ಪೀಠ ದೊರೆಯಿತು. ಕೀರ್ತಿ ಹಬ್ಬಿದ್ದಿತು, ಎರಡು ಹೆಣ್ಣುಮಕ್ಕಳಾದವು. ಆದರೆ ಹಲ್ಲು, ಮೂಗು, ದವಡೆಗಳ ನೋವು ಮೊದಲಿನಿಂದಲೂ ಆಗಾಗ ಕಾಡುತ್ತಿದ್ದುದು 1892ರ ಬೇಸಿಗೆಯಲ್ಲಿ ನೆಗಡಿಯೆಂದು ತಲೆಯೆತ್ತಿ ಹೋಗದೆ ನಿಂತಿತು. ಮೇಲೆ ಸಾಮಾನ್ಯ ಶೀತ. ಒಳಗೆ ಮೂಳೆಯನ್ನೇ ತಿನ್ನುವ ಬೇನೆ. ಒಂದರ ಮೇಲೊಂದು ಶಸ್ತ್ರಚಿಕಿತ್ಸೆಗಳಾದವು. ಆ ನೋವಿನ ನಡುವೆ ಯಂತ್ರಶಾಸ್ತ್ರದ ಮೂಲತತ್ತ್ವಗಳನ್ನು ಕುರಿತ ಗ್ರಂಥವೊಂದನ್ನು ಆತನು ಬರೆದು ಮುಗಿಸಿದನು. 1893ರ ಡಿಸೆಂಬರಿನ ಮೊದಲ ವಾರದವರೆಗೂ ಪಾಠ ಹೇಳಿದನು. ಅದೇ ತಿಂಗಳು ತಂದೆತಾಯಿಗಳಿಗೊಂದು ಕಾಗದ ಬರೆದನು. ತನಗೇನಾದರೂ ಆದರೆ ಶೋಕಿಸಬಾರದು, ಸ್ವಲ್ಪ ಹೆಮ್ಮೆಯನ್ನೇ ಪಡಬೇಕು, ಅಲ್ಪಕಾಲ ಬಾಳಿಯೂ ಸಾಕಷ್ಟು ಬಾಳಿದವರ ಗುಂಪಿಗೆ ತಾನು ಸೇರಿದವನೆಂದು ತಿಳಿಯಬೇಕು ಎಂಬುದು ಅದರ ಸಾರ. ಹದಿನಾರು ವರ್ಷಗಳ ಹಿಂದೆ ಓದಿನ ದಾರಿ ಬದಲಿಸಲು ಅಪ್ಪಣೆ ಬೇಡಿದ್ದ ಮಗನ ಕಾಗದವನ್ನು ಓದಿದ್ದ ಅದೇ ತಂದೆ ಇದನ್ನೂ ಓದಬೇಕಾಯಿತು.

1894ರ ಹೊಸ ವರ್ಷದ ದಿನ, ಜನವರಿ 1ರಂದು, ಬಾನ್ ನಗರದಲ್ಲಿ ಹರ್ಟ್ಸ್ ತೀರಿಕೊಂಡನು. 37 ತುಂಬಿರಲಿಲ್ಲ. ಹ್ಯಾಂಬರ್ಗಿನ ಓಲ್ಸ್‌ಡೋರ್ಫ್ ಸ್ಮಶಾನದಲ್ಲಿ ಆತನ ಸಮಾಧಿಯಿದೆ. ಕೊನೆಯ ಗ್ರಂಥ ಆತನ ಮರಣಾನಂತರ ಅದೇ ವರ್ಷ ಗುರು ಹೆಲ್ಮ್‌ಹೋಲ್ಟ್ಸ್‌ನ ಮುನ್ನುಡಿಯೊಡನೆ ಬೆಳಕು ಕಂಡಿತು. ಗುರುವೂ ಆ ವರ್ಷ ಉಳಿಯಲಿಲ್ಲ. ವಿಧವೆ ಎಲಿಸಬೆತ್ ಮತ್ತೆ ಮದುವೆಯಾಗಲಿಲ್ಲ. ನಾಲ್ಕು ದಶಕಗಳ ಮೇಲೆ ಹಿಟ್ಲರನ ಆಳಿಕೆ ಬಂದಾಗ, ಕ್ರೈಸ್ತರಾಗಿ ನೂರು ವರ್ಷವಾಗಿದ್ದ ಮನೆತನದ ಯೆಹೂದ್ಯ ರಕ್ತವನ್ನು ಹುಡುಕಿ ತೆಗೆದರು. ಪ್ರಾಣಿಶಾಸ್ತ್ರಜ್ಞೆಯಾಗಿದ್ದ ಕಿರಿಯ ಮಗಳು ಮಟಿಲ್ಡೆ ಅಧ್ಯಾಪನದ ಅಧಿಕಾರವನ್ನು ಕಳೆದುಕೊಂಡಳು. ತಾಯಿ ಮಕ್ಕಳು ಮೂವರೂ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್ಜಿನಲ್ಲಿ ಆಶ್ರಯ ಪಡೆದರು.

1960ರಲ್ಲಿ ಲೋಕದ ಅಳತೆಗಾರರು ಸೇರಿ, ಸೆಕೆಂಡಿಗೊಂದು ಕಂಪನವೆಂಬ ಅಳತೆಗೆ ಹರ್ಟ್ಸ್ ಎಂಬ ಹೆಸರನ್ನು ಅಂಗೀಕರಿಸಿದರು. ಅಲೆಗಳ ಸಲುವಾಗಿ ಇಟ್ಟ ಹೆಸರು ಅದು. ಆದರೆ ಈಗ ದೊಡ್ಡ ಕಾರ್ಖಾನೆಗಳಲ್ಲಿ ಬೇರಿಂಗಿನ ಮೈಗೆ ಒಂದು ಪುಟ್ಟ ಉಪಕರಣವನ್ನು ತಾಗಿಸಿ ಅದರ ನಡುಕವನ್ನು ಅಳೆಯುತ್ತಾರೆ. ಒಳಬಳೆಯಲ್ಲಿ ಚಕ್ಕೆ ಎದ್ದಿದ್ದರೆ ಇಷ್ಟು ಹರ್ಟ್ಸ್, ಹೊರಬಳೆಯಲ್ಲಾದರೆ ಇಷ್ಟು ಹರ್ಟ್ಸ್, ಗುಂಡಿನಲ್ಲಾದರೆ ಇನ್ನಿಷ್ಟು ಎಂದು ಬಿಚ್ಚದೆಯೇ ಹೇಳುತ್ತಾರಂತೆ. ಇದನ್ನು ಹೇಳಿದ ನನ್ನ ಶಿಷ್ಯನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನಾನು ಮಾತ್ರ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆನು.

ಶಿವರಾತ್ರಿಯ ವೇಳೆಗೆ ಮತ್ತೆ ಆ ಮಿಲ್ಲಿಗೆ ಹೋಗಿದ್ದೆ. ಬೆಲ್ಟನ್ನು ಸಡಿಲಿಸಿ ರಾಟೆಯನ್ನು ನೇರಕ್ಕೆ ಕೂರಿಸಿದ್ದರು. ಧೂಳು ತಡೆಯುವ ಹೊಸ ಮುಚ್ಚಳ ಬಂದಿತ್ತು. ಹೊಸ ಬೇರಿಂಗುಗಳು ಅವನ್ನು ಹಾಕುವ ಗಳಿಗೆಯವರೆಗೆ ಎಣ್ಣೆಕಾಗದದೊಳಗೇ ಇರಬೇಕೆಂದು ಭಾವನವರ ಕಟ್ಟಪ್ಪಣೆಯಾಗಿತ್ತು. ಮೇಸ್ತ್ರಿಗಳ ಬಳಿ ಉಪಕರಣವೆಂದರೆ ಒಂದು ಉದ್ದನೆಯ ಸ್ಕ್ರೂಡ್ರೈವರು. ಅದರ ಮೊನೆಯನ್ನು ಬೇರಿಂಗಿನ ಮನೆಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು. ಒಂದೇ ಶ್ರುತಿಯಲ್ಲಿ, ತಂಬೂರಿಯ ಮಂದ್ರದ ತಂತಿಯಂತೆ, ಎಡೆಬಿಡದ ಮೊರೆತ ಕೇಳಿಸುತ್ತಿತ್ತು. ನಡುವೆ ಎಲ್ಲಿಯೂ ಕಟಕಟವಿರಲಿಲ್ಲ.